ಅರಿವಿ ಕತ್ತರಿ

ಅಳತಿ ಪಟ್ಟಿ ನನ್ನದು. ಹಿಡದಾಕಿ ಶಾರವ್ವ.
ಹೆಗಲಿಂದ ಕೆಳಗ ಇಪ್ಪತ್ತೊಂದು ಇಂಚು.
"ಹನ್ನೆರಡು ಸಾಕಂತ," ಅಂದ್ಲು
ಕಾಗದ ಓದಕೋತ. ಕಾಗದ ಮರಾಠಿದು,
ಆಸ್ಪತ್ರಿಯಿಂದ ಬಂದದ್ದು, ಮೂರು ಮಡಿಕಿ:
ಬಣ್ಣ ಹಚ್ಚಿರಬಾರದು. ಹಸಿ ಇರಬಾರದು.
ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದು ಕತ್ತರಿಸಬೇಕು.
ಬಿಳಿಗೂದಲ ನೂರಕ್ಕ ಐದರ ಮ್ಯಾಲಿದ್ರ ಬ್ಯಾಡ.

ನೂರಕ್ಕ ಐದು ಎಣಿಸೂದು ಹ್ಯಾಂಗ?
ಕಿವಿ ಹಿಂದ ಏಳು ಸಿಕ್ಕವು. ಎಂಟನೇದು
ದಾರ ಆಗಿತ್ತು, ಬಿಳಿ ಪಾಲಿಯೆಸ್ಟರ್,
ಕಾರ್ಖಾನಿಯಿಂದ ಅಂಟಿಕೊಂಡು ಬಂದದ್ದು.

ಸೋಲಾಪುರದಾಗ ನಳ ಬರೂದು ನಾಕು ದಿನಕ್ಕೊಮ್ಮೆ.
ನಾ ತಲಿ ಎರಕೊಂಡ ದಿವಸ ಮನಿಯವರೆಲ್ಲ
ಒಂದೊಂದು ಚರಿಗಿ ಕಡಿಮಿ ಕುಡೀತಾರ
ಅಂತ ಅತ್ತಿಯ ಲೆಕ್ಕ. ಸುಳ್ಳೇನಲ್ಲ.
ಈ ಜಡಿ ಎರಡು ಕೊಡ ಕುಡಿದು, ಸಂಜಿತನಕ
ಬೆನ್ನ ಮ್ಯಾಲ ಸೀರಿ ತೋಯಿಸಿಕೋತ ಕೂಡತದ,
ಹಸಿ ಗ್ವಾಡಿಗೆ ಆತು ಕೂತಾಂಗ ನಾ.

ಗ್ವಾಡಿ ಅಂದ್ರ ನೆನಪಾತು:
ಕನ್ನಡಿ ಮಗ್ಗಲ ಸಂದಿನ್ಯಾಗ ನಮ್ಮತ್ತಿ
ನನ್ನ ಉದುರಿದ್ದನ್ನೆಲ್ಲ ಉಂಡಿ ಕಟ್ಟಿ ತುರುಕ್ಯಾಳ, ಹನ್ನೊಂದು ವರ್ಷ.
"ಕೇಸ ಆಹೇತ ಕಾ" ಅಂತ ಪಾತ್ರೆಯಾಕಿ ದ್ವಾರಕಾ ಕೂಗಿದ್ರ
ಉಂಡಿ ಹೊರಗ, ಸ್ಟೀಲ್ ಡಬ್ಬಿ ಒಳಗ.
ಸಾಸಿವಿದು, ಜೀರಿಗಿದು, ಎಲ್ಲಾ ನನ್ನ ತಲಿಯಿಂದ ಬಂದಾವ.
ದ್ವಾರಕಾ ಜಡಿ ಕೈಯಾಗ ತೂಗಿ ನೋಡಿ
"ಪೂರಾ ಕೊಟ್ರ ಕುಕ್ಕರ್, ಐದು ಲೀಟರ್, ಸೀಟಿ ಸಹಿತ" ಅಂದಾಳ.

ಅತ್ತಿ ಹೇಳ್ಯಾಳ: ಕೊಡೂದಾದ್ರ ಗಿರಿಗೆ ಕೊಡು,
ನಿನ್ನ ಗಂಡಗ ಕಾಮಾಲಿ ಆದಾಗ ನಾ ಹರಕಿ ಹೊತ್ತೀನಿ.
"ಹೊತ್ತಾಕಿ ನೀವು, ತಲಿ ನಂದು?" ಅಂದೆ.
"ಮತ್ತ ನಂದ್ರಾಗ ಏನುಳದದ?" ಅಂತ
ಸೆರಗ ಸರಿಸಿ ತೋರಿಸಿದ್ಲು. ಇಬ್ಬರೂ ನಕ್ವಿ.

ನಗಲಾರದಾಕಿ ಶಾರವ್ವ.
ಹೋದ ವರ್ಷ ಔಷಧದ ಎರಡನೇ ಬಾಟ್ಲಿಗೆ
ಆಕಿ ದಿಂಬು ಕರ್ರಗಾಗಿತ್ತು.
ಅಣ್ಣನ ಗಾಂಧಿ ಟೊಪಿಗಿ ಹಾಕ್ಕೊಂಡು ಕೂತಾಕಿ
ನನ್ನ ಜಡಿ ಎಳದು ಅಂದಿದ್ಲು: "ಇದನ್ನ ನನಗ ಕೊಟ್ಟಬಿಡು."
ಚ್ಯಾಷ್ಟಿ ಅಂತ ತಿಳದೆ. ಚ್ಯಾಷ್ಟಿನ ಇತ್ತೇನೋ.
ನಾ ಜಡಿ ಮುಂದ ತಗೊಂಡು
ತುದಿ ಮುಷ್ಟ್ಯಾಗ ಹಿಡಕೊಂಡೆ.
ಅದನ್ನ ಆಕಿ ನೋಡಿದ್ಲು.

ಈಗ ಆಕಿಗೆ ಗುಂಗುರು ಬಂದಾವ, ಮೊದಲಿಲ್ಲದ್ದು,
ಕುರಿಮರಿ ಬೆನ್ನಿನಾಂಗ. ಇವತ್ತ ಹೇಳೇ ಬಿಟ್ಟೆ:
"ಕೊಡ್ತೀನಿ ಅನ್ನೂದು ನಿನ್ನ ಸಲುವಾಗಿ."
"ಕೂದಲ ಹೋದದ್ದು ನನಗೇನೂ ಅನಸಲಿಲ್ಲ ಅಕ್ಕಾ.
ನೀರಿನ ರುಚಿ ಹೋಗಿತ್ತು. ಕುಡದ್ರ ಕಬ್ಬಿಣ.
ಅದನ್ನ ಯಾರ ಕೊಡತಿದ್ರು?"
ಪಟ್ಟಿ ಸುತ್ತಿ ನನ್ನ ಕೈಯಾಗಿಟ್ಟು,
"ಒಂದು ವಿಗ್ಗಿಗೆ ಐದಾರು ಮಂದಿ ಜಡಿ ಬೇಕಂತ.
ಯಾರ ತಲಿಗೆ ಹೋತು, ತಿಳಿಯೂದಿಲ್ಲ ನಿನಗ.
ನನ್ನ ಹೆಸರಿಲೆ ಕೊಡಬ್ಯಾಡ. ಕೊಡೂದಿದ್ರ ಕೊಡು."

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಹೆಗಲ ಹತ್ರ ಒಂದು, ತುದಿಗೆ ಒಂದು ಬಿಗಿದೆ.
ಮೈದುನನ ಮದಿವ್ಯಾಗ ತುದಿಗಷ್ಟ ಹಚ್ಚಿದ ಮೆಹಂದಿ
ಇನ್ನೂ ಕೆಂಪದ, ಮೂರು ಇಂಚು.
ಮೆಹಂದಿ ಬಣ್ಣೇನು? ಕಾಗದದಾಗ ಬರದಿಲ್ಲ.
ತಗದ್ರ ಹದಿನೆಂಟು. ಲೆಕ್ಕ ಕೂಡತದ.
ಕೂಡಲಾರದ್ದು ಬ್ಯಾರೆ ಏನೋ.

ಗೂಟಕ್ಕ ನನ್ನ ಕತ್ತರಿ ತೂಗತಿತ್ತು,
ಊರ ಸಾಲಿಗೆಲ್ಲ ಖಾಕಿ ಚಡ್ಡಿ, ನೀಲಿ ಲಂಗ ಕೊಯ್ದ ಕತ್ತರಿ.
ಕೆಲಸ ಕಲಿಸಿದ ಪೋಚಮ್ಮ ಮೊದಲನೇ ದಿವಸನ ಹೇಳಿದ್ಲು:
ಅರಿವಿ ಕತ್ತರಿಗೆ ಕಾಗದ ತೋರಿಸಬ್ಯಾಡ,
ಕೂದಲ ತೋರಿಸಬ್ಯಾಡ, ಬಾಯಿ ಕೆಡತದ.

ಮುಂಜಾನೆ ಮಂಗಳವಾರ ಪೇಟಿಗೆ ಹೋದೆ,
ರಬ್ಬರ್ ಬ್ಯಾಂಡ್ ಬಿಚ್ಚದ, ಸೆರಗ ಹೊತಗೊಂಡು.
ಅಂಗಡಿಯಾವ ಐದು ಕತ್ತರಿ ಸಾಲಿಟ್ಟ.
"ಕಾಯ ಕಾಪಾಯಚಂ?" ಅಂದ,
ನನ್ನ ಮಾರಿ ನೋಡಿ ಕನ್ನಡದಾಗೂ ಕೇಳಿದ:
ಏನ ಕತ್ತರಸೋರು?
ಸಣ್ಣದೊಂದು ತಗೊಂಡು ಗಾಳಿಯಾಗ ಎರಡ ಸಲ ಆಡಿಸಿದೆ.
ಕಚಕ್, ಕಚಕ್.
"ಇದಕ್ಕೆಷ್ಟು?" ಅಂದೆ.