ಕೂಡಿಕೆ ದೀಪ

ದೀಪದ ಬುಡದಲ್ಲಿ ಕತ್ತಲೆ, ನಿಜ.
ನನ್ನ ಕೆಲಸ ಶುರುವಾಗುವುದು ಅಲ್ಲಿಂದಲೇ.
ಮೊದಲು ಮಗುಚುತ್ತೇನೆ.

ಅಜರಯಾ ಸ್ನೆಲ್‌ಗ್ರೋವ್
ಟ್ವಿಲಿಂಗೇಟಿನ ನನ್ನ ಅಂಗಡಿಗೆ
ಹರಕು ಬಲೆಯಲ್ಲಿ ಸುತ್ತಿ ತಂದಿದ್ದ ಅದನ್ನು.
"ಮುತ್ತಜ್ಜಿಯದು, ಟ್ರೈಫೀನಾ. ಡಾರ್ಸೆಟ್ಟಿನಿಂದ
ಹಾಯಿಹಡಗಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಳು."
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಎಲ್ಲರ ಮುತ್ತಜ್ಜಿಯರೂ
ದೀಪ ಹಿಡಿದೇ ಹಡಗು ಹತ್ತಿದವರು.

ಎಣ್ಣೆಬುಡ್ಡಿಯ ಪಕ್ಕೆಯ ಮೇಲೆ ಉಗುರೆಳೆದೆ.
ಅಚ್ಚಿನ ಹೊಲಿಗೆ ಮೂರು ಕಡೆ, ಭುಜದವರೆಗೆ.
ಊದುಗೊಳವೆ ಮುರಿದ ಗಾಯ ಬುಡದಲ್ಲಿಲ್ಲ.
ಬತ್ತಿ ಏರಿಸುವ ತಿರುಪಿನ ಮೇಲೆ
ಕಾಸಗಲದಲ್ಲಿ ಇರುವೆಸಾಲು ಅಕ್ಷರ:
ಪೇಟೆಂಟ್, ಸಾವಿರದ ಎಂಟುನೂರ ಎಪ್ಪತ್ತು ಚಿಲ್ಲರೆ,
ಕೊನೆಯಂಕಿ ಮೂರೋ ಎಂಟೋ, ಸವೆದಿದೆ.
ಅವನ ಕಣ್ಣರಳಿತು.
"ಅದು ಹುಟ್ಟಿದ ದಿನವಲ್ಲ ಮಾರಾಯ,
ಅದಕ್ಕೂ ಮೊದಲು ಹುಟ್ಟಿಲ್ಲ ಅಂತಷ್ಟೇ.
ಹೋಟೆಲಿನ ಬೋರ್ಡಿನಲ್ಲಿ ಸ್ಥಾಪನೆ ಅಂತ ಇಸವಿ ಬರೆದಿದ್ದರೆ
ಚಹಾ ಆ ವರ್ಷದ್ದೇ?"

ಬುಡ್ಡಿ ಅಮೆರಿಕದ್ದು, ಹೆಚ್ಚೆಂದರೆ ನೂರಿಪ್ಪತ್ತು ವರ್ಷ.
ಬರ್ನರು ಇನ್ಯಾವುದೋ ಮನೆಯದು, ತೆಳು ಹಿತ್ತಾಳೆ.
ಚಿಮಣಿ ಗಾಜಂತೂ ಮೊನ್ನೆಮೊನ್ನೆಯದು,
ಸೂಪರ್‌ಮಾರ್ಕೆಟ್ಟಿನ ಚೀಟಿಯ ಅಂಟು ಇನ್ನೂ ಜಿಗುಟು.

ವ್ಯಾಪಾರದಲ್ಲಿ ಇದಕ್ಕೆ ಮದುವೆ ಅನ್ನುತ್ತಾರೆ.
ನಾನು ಕೂಡಿಕೆ ಅನ್ನುತ್ತೇನೆ:
ಗಂಡ ಸತ್ತವಳು, ಹೆಂಡತಿ ಬಿಟ್ಟವನು,
ಯಾರದೋ ಕೂಸು, ಒಂದೇ ಒಲೆ.
ಬೆಲೆ ಅರ್ಧಕ್ಕಿಳಿಯುತ್ತದೆ.

ಅವನು ಮಾತಾಡದೆ ಬಲೆ ಹರವಿದ, ಮತ್ತೆ ಸುತ್ತಲು.
ಆಗ ಕಂಡಿತು ಕುತ್ತಿಗೆಯ ಪಟ್ಟಿ.
ಅದು ಕೂತಿರಬೇಕಾದದ್ದು ಬಿಳಿ ಗಾರೆಯಲ್ಲಿ.
ಇಲ್ಲಿ ಕಪ್ಪು. ಮೂಸಿದೆ:
ಡಾಂಬರು, ದೋಣಿಯ ಬಿರುಕಿಗೆ ತುಂಬುವ ನಾರು.
ಭೂತಗಾಜು ಹಿಡಿದರೆ
ಒತ್ತಿದ ಹೆಬ್ಬೆರಳೊಂದರ ಗುರುತು.
ರೇಖೆಗಳಿಲ್ಲ. ಚೀಲದ ಬಾಯಿ ಕಟ್ಟಿದ ಹಾಗೆ
ನಡುವಿಗೆ ಸೇರಿದ ಸುಕ್ಕು.

ಅಜರಯಾ ಬಹಳ ಹೊತ್ತು ನೋಡಿದ.
"ಅಪ್ಪ.
ತುದಿ ಹೋದದ್ದು ಐವತ್ತೊಂದರಲ್ಲಿ,
ಲ್ಯಾಬ್ರಡಾರಿನಾಚೆ, ರಾಟೆಯ ಹಗ್ಗಕ್ಕೆ.
ಅರವತ್ತೇಳರಲ್ಲಿ ನಮ್ಮ ದ್ವೀಪ ಖಾಲಿ ಮಾಡಿಸಿದರು.
ಪೀಪಾಯಿ ಕಟ್ಟಿ ಮನೆಯನ್ನೇ ತೇಲಿಸಿ ತಂದೆವು.
ಇತ್ತ ದಡದಲ್ಲಿ ಕರೆಂಟಿತ್ತು.
ಅಪ್ಪ ಆಮೇಲೆ ದೀಪ ಮುಟ್ಟಲಿಲ್ಲ."

ಹಾಗಾದರೆ ಆ ಹದಿನಾರು ವರ್ಷದೊಳಗೆ.
ಅಷ್ಟು ಇಕ್ಕಟ್ಟಿನ ಕಾಲವನ್ನು
ಈ ದೀಪದ ಯಾವ ಮುದ್ರೆಯೂ ಕೊಟ್ಟಿರಲಿಲ್ಲ ನನಗೆ.

ಮಾರಲಿಲ್ಲ. ಮುತ್ತಜ್ಜಿಯ ಮಾತೆತ್ತಲಿಲ್ಲ.
ಹೋಗುವಾಗ ಚಿಮಣಿ ಗಾಜನ್ನು ಕಳಚಿ
ಮೇಜಿನ ಮೇಲಿಟ್ಟ: "ಇದು ನಮ್ಮದಲ್ಲ."

ಆ ರಾತ್ರಿ ಹಿಮಗಾಳಿಗೆ ಕರೆಂಟಿನ ತಂತಿ ಹರಿಯಿತು.
ವರ್ಷಗಟ್ಟಲೆ ಬರಿದಲೆಯಲ್ಲಿ ಕೂತಿದ್ದ
ನನ್ನದೊಂದು ಬರ್ನರಿಗೆ ಆ ಗಾಜು ಇಟ್ಟು ನೋಡಿದೆ.
ಸ್ವಲ್ಪ ಅಲುಗಾಡಿತು.
ತಾಮ್ರದ ತಂತಿ ಸುತ್ತಿ ಬಿಗಿದೆ.
ಮುಂದೆಂದೋ ಇದನ್ನು ಮಗುಚಿ ನೋಡುವವರಿಗೆ
ಇರಲಿ ಒಂದಿಷ್ಟು ತಲೆನೋವು.