ಐದನೇ ಸಾಲು

ದಿಲ್ಲಿಗೆ ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು,
ಮದ್ದೂರಿಗೆ ಇನ್ನೂ ಬಂದಿರಲಿಲ್ಲ.
ನಮ್ಮ ಕೊಪ್ಪಲಿಗಂತೂ ಟಪಾಲೇ ವಾರಕ್ಕೊಮ್ಮೆ.

ಕಚೇರಿಯ ಮಾಡು ಹತ್ತಿ ಬಾವುಟ ಕಟ್ಟಿದ್ದಕ್ಕೆ
ಐದು ಹುಡುಗರನ್ನು ಠಾಣೆಯಲ್ಲಿ ಕೂಡಿದ್ದರು.
ಇನ್ನಷ್ಟು ಜನರನ್ನು ಹಿಡಿಯಲು ಬಂದ ಇಬ್ಬರು ಪೊಲೀಸರನ್ನು
ನಾವು ಆಲೆಮನೆಯಲ್ಲಿ ಕೂಡಿದೆವು.
ಹಂಗಾಮು ಶುರುವಾಗಿರಲಿಲ್ಲ; ಕೊಪ್ಪರಿಗೆ ಬೋರಲು ಬಿದ್ದಿತ್ತು,
ಹಳೇ ಬೆಲ್ಲದ ವಾಸನೆಗೆ ಕಟ್ಟಿರುವೆ ಸಾಲುಗಟ್ಟಿತ್ತು.
ದಫೇದಾರ ಗೌಸ್ ಸಾಬರ ಕಾಲಿಗೆ ಕಚ್ಚಿದಾಗ
ಹರಳೆಣ್ಣೆ ಹಚ್ಚಿದ್ದು ನಮ್ಮವ್ವ.
ಹೊತ್ತಿಗೆರಡು ಮುದ್ದೆ, ಹುರುಳಿ ಬಸ್ಸಾರು.
ಇನ್ನೊಬ್ಬ, ವೆಂಕೋಬರಾಯ,
ಮುದ್ದೆ ನುಂಗಲು ಬಾರದೆ ಅಗಿದು ಅಗಿದು
ಊರಿಗೆಲ್ಲ ನಗೆಯಾದ.

ಮೂರನೇ ದಿನ ಅಮಲ್ದಾರರ ಕಡೆಯ ಆಳು ಬಂದ.
ಒಬ್ಬನಿಗೆ ಒಬ್ಬ, ಎಂದ.
ಪಟೇಲ ಮರಿಚನ್ನೇಗೌಡರು ಎಲೆಗೆ ಸುಣ್ಣ ಸವರುತ್ತಾ
ಸಂತೆಯಲ್ಲಿ ಹೋರಿಯ ಹಲ್ಲೆಣಿಸುವ ದನಿಯಲ್ಲೇ:
"ಖಾಕಿಗೆ ಬಟ್ಟೆ ಜಾಸ್ತಿ ಕಣಪ್ಪಾ. ಒಬ್ಬನಿಗೆ ಮೂವರು."
ಟವೆಲ್ಲಿನಡಿ ಬೆರಳಿಗೆ ಬೆರಳು ಹಿಡಿದು
ಸಂಜೆಗೆ ಕುದುರಿತು: ಒಬ್ಬನಿಗೆ ಇಬ್ಬರು.
ಎರಡೆರಡಲಿ ನಾಲ್ಕು.

ಊರಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದು.
"ಬರಿಯಪ್ಪ, ನಾಲ್ಕು," ಅಂದರು ಗೌಡರು.
ಯಾವ ನಾಲ್ಕು ಎಂದು ಅವರು ಹೇಳಲಿಲ್ಲ,
ನಾನು ಕೇಳಲಿಲ್ಲ.
ಪುಟ್ಟಮಾದೇಗೌಡ. ಶಿಂಗ್ರಯ್ಯ, ಜೋಯಿಸರ ಮಗ.
ದ್ಯಾವಪ್ಪ. ಬೋರಲಿಂಗ.
ಅಮಲ್ದಾರರಿಗೆ ಒಂದು ಪ್ರತಿ, ನನ್ನ ಟ್ರಂಕಿಗೆ ಒಂದು.
ಕೆಳಗೆ ಜಾಗವಿತ್ತು.
ಗೆರೆ ಹೊಡೆದ ಕಾಗದ, ಐದನೇ ಸಾಲು ಖಾಲಿ,
ದೌತಿಯಲ್ಲಿ ಮಸಿಯೂ ಇತ್ತು.
ಬಾವುಟದ ದಿನ ಎಲ್ಲರಿಗಿಂತ ಮುಂದೆ ತಮಟೆ ಬಡಿದು
ಊರನ್ನು ಹೊರಡಿಸಿದ ಕೆಳಗಿನ ಕೇರಿಯ ಮಂಟಯ್ಯ
ನನ್ನ ಕೈಗೆ ನೆನಪಾಗಲಿಲ್ಲ.
ಕೈಗೆ, ಅಂದೆ.
ಕೈಯ ಮೇಲೆ ಹಾಕುವುದು ಸುಲಭ.

ನಾಲೆಯ ಸೇತುವೆ, ಬೆಳಗಿನ ಜಾವ.
ಆ ಕಡೆಯಿಂದ ಇಬ್ಬರು ಹೆಜ್ಜೆಯಿಟ್ಟರೆ ಈ ಕಡೆಯಿಂದ ಒಬ್ಬ.
ಗೌಸ್ ಸಾಬರು ನಟ್ಟನಡುವೆ ನಿಂತು
ನಮ್ಮವ್ವನಿಗೆ ಸಲಾಮು ಮಾಡಿ ದಾಟಿದರು.
ಏರಿಯ ಕೆಳಗೆ, ನೀರಂಚಿನಲ್ಲಿ, ಮಂಟಯ್ಯನ ತಾಯಿ
ಬುತ್ತಿ ಹಿಡಿದು ನಿಂತಿದ್ದಳು.
ಲೆಕ್ಕ ಮುಗಿದ ಮೇಲೂ ನಿಂತಿದ್ದಳು.

ಹನ್ನೊಂದು ದಿನ ಕಳೆದು, ಸರ್ಕಾರವೇ ಎಲ್ಲರನ್ನೂ ಬಿಟ್ಟಾಗ
ನಡೆದೇ ಬಂದ.
ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.
ಯಾರೂ ಕೇಳಲಿಲ್ಲ. ಎಡಗೈಯಲ್ಲಿ ಬಡಿಯುವುದ ಕಲಿತ.

ಇಪ್ಪತ್ತೈದು ವರ್ಷಕ್ಕೆ ಪಿಂಚಣಿಯ ಸುದ್ದಿ ಬಂತು.
"ಬುದ್ಧೀ, ನಾನೂವೆ ಒಳಗಿದ್ದೆ ಅಂತ ಏನಾರ ಕಾಗ್ಜ..."
ಆ ರಾತ್ರಿ ಟ್ರಂಕು ತೆಗೆದೆ.
ಲಾಟೀನಿನ ಬೆಳಕಲ್ಲಿ ಐದನೇ ಸಾಲು ತುಂಬಿದೆ,
ಅದೇ ದುಂಡು ಅಕ್ಷರ, ಅದೇ ಓರೆ.
ಮಂಡ್ಯದ ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು
"ನಾಲ್ಕು ಸಾಲು ಕಂದು, ಇದೊಂದು ನೀಲಿ.
ಮಸಿ ಬೇರೆ ಸ್ವಾಮಿ," ಎಂದು ಹಿಂದಕ್ಕೆ ತಳ್ಳಿದ.

ಹೊರಗೆ ಹುಣಸೆ ಮರದಡಿ ಮಂಟಯ್ಯ ಕಾದಿದ್ದ,
ಸಂಜೆಗೆ ಯಾರದೋ ಹೆಣ, ಹೆಗಲಲ್ಲಿ ತಮಟೆ.
ಕಾಗದ ಇಸ್ಕೊಂಡ. ಓದಲು ಬಾರದು.
ನನ್ನದು ಯಾವುದು ಬುದ್ಧಿ, ಎಂದು ಕೇಳಿ
ಬೆರಳಿಟ್ಟು ನೋಡಿದ, ಮಡಚದ ಬೆರಳು.
ಆಮೇಲೆ ಒಂದಿಷ್ಟು ತರಗು ಒಟ್ಟಿ,
ಅಡಿಗೆ ಆ ಕಾಗದ ಇಟ್ಟು ಕಡ್ಡಿ ಗೀರಿ
ತಮಟೆ ಕಾಯಿಸಿದ.

ತೊಗಲು ಬಿಗಿಯಿತು.
ಒಂದೇ ಒಂದು ಏಟು ಹೊಡೆದು ನೋಡಿದ.
ಗುಮಾಸ್ತ ಎದ್ದು ಕಿಟಕಿಗೆ ಬಂದ.