ಪೆನ್ಸಿಲಿನ ಷರಾ

ನವೆಂಬರಿನಲ್ಲಿ ಏಣಿ ಜಾರಿತು.
ಮೆಣಸಿನ ಬಳ್ಳಿ ಕಟ್ಟಲು ಆಳು ಸಿಗದೆ
ನಾನೇ ಹತ್ತಿದ್ದು. ಮೇಷ್ಟರ ಕೆಲಸವಲ್ಲ ಅದು.
ಕಾಲಿಗೆ ಎರಡು ಮೊಳೆ, ಮೂರು ತಿಂಗಳು ಹಾಸಿಗೆ.

ಮಾಲ್ದಾರೆ ದಾರಿಯ ನಮ್ಮ ಶಾಲೆಗೆ
ಮೇಷ್ಟ್ರು ನಾನೊಬ್ಬನೇ, ಮಕ್ಕಳು ಇಪ್ಪತ್ತಮೂರು.
ಬೀಗ ಬೀಳುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲ.
ಕೊಂಡಂಗೇರಿಯ ರಮ್ಲತ್ ಅಂತ ಒಬ್ಬಳು
ಬದಲಿಗೆ ಬಂದಿದ್ದಾಳೆಂದು
ಅಡುಗೆಯ ಬೋಜಮ್ಮ ಫೋನಿನಲ್ಲಿ ಹೇಳಿದಳು.
ಎರಡು ಬಸ್ಸು ಬದಲಿಸಿ, ಕೊನೆಯ ಒಂದೂವರೆ ಮೈಲಿ ನಡಿಗೆ,
ಆನೆ ಇಳಿದ ದಿನ ಫಾರೆಸ್ಟಿನವರ ಜೀಪು.

ಫೆಬ್ರವರಿಯಲ್ಲಿ ಕೋಲೂರಿಕೊಂಡು ಮರಳಿದೆ.
ಅವಳು ಹಿಂದಿನ ಸಂಜೆಯೇ ಹೊರಟಿದ್ದಳು.
ಮೇಜಿನ ಮೇಲೆ ಬೀಗದ ಕೈ, ಕಟ್ಟಿಟ್ಟ ಉತ್ತರಪತ್ರಿಕೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಉಗುರಿನಷ್ಟು ಚಾಕಿನ ತುಂಡುಗಳು
(ನಾನು ಕಿಟಕಿಯಿಂದ ಎಸೆಯುತ್ತಿದ್ದಂಥವು).

ಹಾಜರಿ ಪುಸ್ತಕ ತೆರೆದೆ.
ಕಾಫಿ ಕುಯ್ಲಿನ ಕಾಲ. ನನಗೆ ಗೊತ್ತು ಆ ತಿಂಗಳುಗಳು,
ಹತ್ತೊಂಬತ್ತು ವರ್ಷ ಕೆಂಪು ಶಾಯಿಯಲ್ಲಿ
ಗೈ ಗೈ ಗೈ ಎಂದು ಬರೆದು
ಗೆರೆ ಎಳೆದು ಕೂಡಿಸಿದ ಕೈ ಇದು.
ಅವಳೂ ಬರೆದಿದ್ದಾಳೆ, ಗೈ. ಆದರೆ ಕೆಳಗೆ
ಇರುವೆ ಹರಿದ ಹಾಗೆ, ಪೆನ್ಸಿಲಿನಲ್ಲಿ:
‘ಅಮ್ಮ ಕುಯ್ಲಿಗೆ, ತಮ್ಮನನ್ನು ಎತ್ತಿಕೊಳ್ಳಲು ಇವಳು.’
‘ದಾರಿಯಲ್ಲಿ ಒಂಟಿ ಸಲಗ.’
‘ಒಂದೇ ಜೊತೆ ಬಟ್ಟೆ, ಒಣಗಿಲ್ಲ.’
‘ಅಸ್ಸಾಮಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ. ಲೈನ್ ಮನೆಗೆ ಹೋಗಿ ಬಂದೆ.’
‘ಕಾರಣ ಹೇಳಲಿಲ್ಲ. ನಾಳೆ ಕೇಳುವುದು ಬೇಡ, ಪಕ್ಕ ಕೂರಿಸಿಕೊಳ್ಳಬೇಕು.’

ಆ ಕೊನೆಯದು ಮುತ್ತನದು. ಹಾಡಿಯ ಹುಡುಗ,
ನಾಲ್ಕು ವರ್ಷದಲ್ಲಿ ನನ್ನೆದುರು ಆಡಿದ್ದು
ಒಂದು ‘ಹೂಂ’, ಅದೂ ಮೂಗಿನಿಂದ.
ಗೋಡೆಯ ಮೇಲೆ ಈಗ ಅವನು ಬರೆದ ಪಟ:
ಏಡಿ, ಜೇನು, ಕಳಲೆ, ಮಳೆ, ಮೀಸೆಯ ಮಾವ.
ಚಿತ್ರಕ್ಕೊಂದು ಕನ್ನಡದ ಹೆಸರು, ಅದರಡಿ
ಕನ್ನಡದ ಅಕ್ಷರದಲ್ಲೇ ಅವನ ಯರವ ಮಾತು.
ಓದಿದೆ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.
‘ಹಾಗಲ್ಲ ಸಾರ್’ ಎಂದು ಮುತ್ತ ಎದ್ದು ನಿಂತು
ನನ್ನ ನಾಲಗೆ ತಿದ್ದಿದ.
ಮೂರು ಸಲ ಹೇಳಿಸಿದ.
ಮೂರನೆಯದಕ್ಕೆ ಪಾಸು.

ಹೊಟ್ಟೆಕಿಚ್ಚು ಆಗಲಿಲ್ಲವೇ ಅಂದರೆ, ಆಯಿತು.
‘ಆ ಟೀಚರ್ ಹೀಗೆ ಮಾಡ್ತಿರಲಿಲ್ಲ’ ಎಂದು ವಾರವಿಡೀ ಕೇಳಿ
ಮನೆಯಲ್ಲಿ ಊಟದ ತಟ್ಟೆ ಕುಕ್ಕಿದೆ.
ಆಮೇಲೆ ಕಡತದಲ್ಲಿ ಸಿಕ್ಕಿತು ಅವಳ ಗೌರವಧನದ ಬಿಲ್ಲು,
ನನ್ನ ಸಹಿಗೆ ಕಾದು ಮಡಿಕೆ ಬಿದ್ದದ್ದು.
ಮೂರು ತಿಂಗಳು, ಒಂದು ಕಾಸು ಬಂದಿಲ್ಲ.
ಬಸ್ ಚಾರ್ಜು ಯಾರು ಕೊಟ್ಟರು?
ಅವಳ ಉಮ್ಮ ಕೋಳಿ ಸಾಕುತ್ತಾರಂತೆ, ಮೊಟ್ಟೆಯ ದುಡ್ಡು.
ಬೋಜಮ್ಮನಿಗೆ ಎಲ್ಲ ಗೊತ್ತಿತ್ತು. ಕೇಳುವವರು ಇರಲಿಲ್ಲ.

ಸಹಿ ಹಾಕಿ ವಿರಾಜಪೇಟೆಗೆ ನಾನೇ ಒಯ್ದೆ,
ಮುದ್ರೆ ಬೀಳುವ ತನಕ ಗುಮಾಸ್ತರ ಎದುರು
ಮೊಳೆಯ ಕಾಲು ಚಾಚಿ ಕುಳಿತೆ.
ಉಪಕಾರ ನೆನೆಯಲು ನನಗೆ ಬಂದದ್ದು ಅಷ್ಟೇ.
ಫೋನು ಮಾಡಿದರೆ, ‘ಅಯ್ಯೋ, ನಿಮ್ಮ ಕಾಲು ಹೇಗಿದೆ ಸಾರ್?’
ಹಿಂದೆ ಗದ್ದಲ, ಬೇರೆ ಮಕ್ಕಳು, ಅದೇ ಏಳರ ಮಗ್ಗಿ.
‘ಬಾಳೆಲೆ ಕಡೆ ಸಾರ್. ಇಲ್ಲಿಯ ಟೀಚರಿಗೆ ಹೆರಿಗೆ ರಜೆ.’

ಶಿಕ್ಷಕರ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ
ಫೆಬ್ರವರಿಯ ಚೌಕಗಳೆಲ್ಲ ಖಾಲಿ.
ಅಲ್ಲಿ ಪೆನ್ಸಿಲಿನಲ್ಲಿ ಬರೆದೆ, ಆದಷ್ಟು ಸಣ್ಣಗೆ:
‘ಬಾಳೆಲೆಯಲ್ಲಿ ಮಗು ಹುಟ್ಟಿದೆ. ಅದಕ್ಕೆ.’

ಮಾರ್ಚಿನಲ್ಲಿ ತಪಾಸಣೆಗೆ ಬಂದವರು ಕನ್ನಡಕ ಏರಿಸಿ
‘ಏನ್ರೀ ಇದು, ಸರ್ಕಾರಿ ದಾಖಲೆ! ಅಳಿಸಿ’ ಎಂದರು.
‘ರಬ್ಬರು ಮುಗಿದಿದೆ ಸಾರ್’ ಎಂದೆ.
ಮುಂದಿನ ಸಾಲಿನಲ್ಲಿ ಮುತ್ತ
ತನ್ನ ರಬ್ಬರನ್ನು ಮೆಲ್ಲಗೆ
ಚಡ್ಡಿ ಜೇಬಿಗೆ ಇಳಿಸಿದ.